ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದದ್ದೇನು?

'ಬೋರ್ಡ್ ಹೋಗಿದೆ ಸಾರ್. ರಿಪೇರಿಗೆ ಹಾಕೋ ದುಡ್ಡಿಗೆ ಇನ್ನೊಂಚೂರು ಸೇರಿಸಿದ್ರೆ ಬೇರೆದೇ ಬರುತ್ತೆ.' ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳಿಸಿಕೊಂಡು, ಕೆಟ್ಟ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿಕೊಂಡು ಮನೆಗೆ ಬಂದವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಆಮೇಲೆ ಆ ಯಂತ್ರ ಬೀರುವಿನ ತಲೆಯ ಮೇಲೆ, ಕೆಟ್ಟ ಮಿಕ್ಸಿಯ ಪಕ್ಕ ಜಾಗ ಹಿಡಿಯುತ್ತದೆ. ಅಂಗಡಿಯವರ ಮಾತು ಸುಳ್ಳೇನಲ್ಲ. ಆದರೆ ಅವರು ತೀರ್ಪು ಕೊಟ್ಟದ್ದು ಮದರ್‌ಬೋರ್ಡ್ ಒಂದರ ಬಗ್ಗೆ. ಅದಕ್ಕೆ ಸಿಕ್ಕಿಸಿದ್ದ ಉಳಿದ ಸಾಮಾನಿನ ಮಾತನ್ನು ಅವರೂ ಎತ್ತಲಿಲ್ಲ, ಇವರೂ ಕೇಳಲಿಲ್ಲ.

2018ರ ಆಸುಪಾಸಿನಲ್ಲಿ ಕೊಂಡ 15.6 ಇಂಚಿನ ಸಾಧಾರಣ ಲ್ಯಾಪ್‌ಟಾಪೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ತಳದ ಸ್ಕ್ರೂಗಳನ್ನು ಬಿಚ್ಚಿ, ಅಂಚಿನ ಪ್ಲಾಸ್ಟಿಕ್ ಕೊಂಡಿಗಳನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿದರೆ ಒಳಗೆ ಕಾಣುವುದು ಇಷ್ಟು: 8 ಜಿಬಿಯ ಒಂದು ರ್‍ಯಾಮ್ ಪಟ್ಟಿ, 1 ಟಿಬಿಯ ಹಾರ್ಡ್‌ಡಿಸ್ಕ್ ಅಥವಾ 256 ಜಿಬಿಯ ಎಸ್‌ಎಸ್‌ಡಿ, ಕೆಲವೊಮ್ಮೆ ಎರಡೂ, ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ವೈ-ಫೈ ಕಾರ್ಡು, ಮುಚ್ಚಳದೊಳಗೆ ಪರದೆ, ಕ್ಯಾಮೆರಾ, ಕೆಳಗೆ ಬ್ಯಾಟರಿ. ಹೊರಗೆ ಚಾರ್ಜರ್. ಮದರ್‌ಬೋರ್ಡ್ ಸುಟ್ಟಾಗ ಇವುಗಳಲ್ಲಿ ಬಹುಪಾಲಿಗೆ ಏನೂ ಆಗಿರುವುದಿಲ್ಲ. ಇವನ್ನೇ ಬಂಡವಾಳ ಮಾಡಿಕೊಂಡು ಕಡಿಮೆ ಖರ್ಚಿನಲ್ಲಿ ಮೇಜಿನ ಮೇಲಿಡುವ ಕಂಪ್ಯೂಟರ್ ಕಟ್ಟಬಹುದೇ ಎಂಬುದು ಈ ಅಧ್ಯಾಯದ ಪ್ರಶ್ನೆ.

ಕಟ್ಟಬಹುದು. ಆದರೆ ಯಾವ ಭಾಗ ಹೊಸ ಮನೆಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಅನ್ನುವುದಕ್ಕೂ ಆ ಭಾಗದ ಗಟ್ಟಿತನಕ್ಕೂ ಸಂಬಂಧವಿಲ್ಲ. ವ್ಯಾಪಾರದಲ್ಲಿ ಹಾವು ಮುಂಗುಸಿಯಂತಿರುವ ಕಂಪನಿಗಳೆಲ್ಲ ಒಂದೆಡೆ ಕೂತು 'ಈ ಪಟ್ಟಿಗೆ ಇಷ್ಟು ಪಿನ್ನು, ಇಷ್ಟು ಅಗಲ, ಇಷ್ಟು ವೋಲ್ಟ್' ಎಂದು ಎಲ್ಲಿ ಒಪ್ಪಿಕೊಂಡಿವೆಯೋ ಅಲ್ಲಿ ಬಿಡಿಭಾಗ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ರ್‍ಯಾಮ್ ವಿಷಯದಲ್ಲಿ ಹಾಗೆ ಒಪ್ಪಿಸಿರುವುದು ಜೆಡೆಕ್ ಎಂಬ ಸಂಸ್ಥೆ. ಡಿಸ್ಕಿಗೆ ಸಾಟಾ ಎಂಬ ಜೋಡಣೆ, ಕಾರ್ಡುಗಳಿಗೆ ಪಿಸಿಐ ಎಕ್ಸ್‌ಪ್ರೆಸ್. ಒಪ್ಪಂದವೇ ಇಲ್ಲದ ಭಾಗಗಳೆಂದರೆ ಮದರ್‌ಬೋರ್ಡಿನ ಆಕಾರ, ಕೀಬೋರ್ಡು, ಬ್ಯಾಟರಿಯ ಕನೆಕ್ಟರ್, ಶಾಖ ಹೊರಹಾಕುವ ತಾಮ್ರದ ಕೊಳವೆ. ಇವು ಎಷ್ಟೇ ಚೆನ್ನಾಗಿದ್ದರೂ ಅದೇ ಮಾದರಿಯ ಇನ್ನೊಂದು ಲ್ಯಾಪ್‌ಟಾಪಿಗಷ್ಟೇ ಆಗಿಬರುತ್ತವೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಎರಡು ಮಾತು. ಬೋರ್ಡ್ ಇನ್ನೂ ಜೀವಂತವಾಗಿದ್ದು, ಕೆಟ್ಟಿರುವುದು ಪರದೆಯೋ ಹಿಂಜೋ ಆಗಿದ್ದರೆ ದಯವಿಟ್ಟು ಬಿಚ್ಚಬೇಡಿ. ಎಚ್‌ಡಿಎಂಐ ಕೇಬಲ್ಲಿನಿಂದ ಒಂದು ಮಾನಿಟರಿಗೋ ಟಿವಿಗೋ ಜೋಡಿಸಿ, ಯುಎಸ್‌ಬಿ ಕೀಬೋರ್ಡು, ಮೌಸು ಸಿಕ್ಕಿಸಿ. ಡೆಸ್ಕ್‌ಟಾಪ್ ಆಗಲೇ ತಯಾರು, ಅದಕ್ಕಿಂತ ಅಗ್ಗದ ದಾರಿ ಇಲ್ಲ. ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿ ಇದನ್ನೇ ಮಾರಾಟದ ಯೋಜನೆಯಾಗಿಸಿದೆ. 2021ರಿಂದ ಅದು ಮಾರುತ್ತಿರುವ ಲ್ಯಾಪ್‌ಟಾಪಿನ ಬೋರ್ಡನ್ನು ಹೊರತೆಗೆದು ಒಂದು ಪುಟ್ಟ ಡಬ್ಬಿಯೊಳಗೆ ಕೂರಿಸಿ ಡೆಸ್ಕ್‌ಟಾಪಿನಂತೆ ಬಳಸಬಹುದು. ಡಬ್ಬಿಯನ್ನು ಕೂಲರ್ ಮಾಸ್ಟರ್ ಎಂಬ ಕಂಪನಿ ಮಾಡಿಕೊಡುತ್ತದೆ. ಇನ್ನೊಂದು ಮಾತು, ಮ್ಯಾಕ್‌ಬುಕ್ ಏರ್ ಥರದ ತೆಳ್ಳನೆಯ ಯಂತ್ರಗಳ ಬಗ್ಗೆ. ಅವುಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದನ್ನು ಬಿಚ್ಚಿ ಕೈಗೆ ಬರುವುದು ಅಷ್ಟರಲ್ಲೇ ಇದೆ.

ಮಂಡಿಯೂರಿದ ಪಟ್ಟಿ

ರ್‍ಯಾಮ್‌ನಿಂದ ಶುರುಮಾಡೋಣ, ಏಕೆಂದರೆ ಈಗ ಕೈ ಸುಡುತ್ತಿರುವುದು ಅದೇ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಬೆಲೆ ಗಗನಕ್ಕೇರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯಂತೂ ಕ್ರೂಶಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ರ್‍ಯಾಮ್, ಎಸ್‌ಎಸ್‌ಡಿಗಳ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಬೀರುವಿನ ಮೇಲಿನ ಲ್ಯಾಪ್‌ಟಾಪಿನೊಳಗಿನ 8 ಜಿಬಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು.

ಆ ಪಟ್ಟಿಯ ಮೇಲಿನ ಕಪ್ಪು ಚೌಕಗಳೊಳಗೆ ಇರುವುದು 1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ ಹೊಳೆದ ಉಪಾಯ. ಒಂದು ಬಿಟ್ ನೆನಪಿಟ್ಟುಕೊಳ್ಳಲು ಆಗ ಆರು ಟ್ರಾನ್ಸಿಸ್ಟರ್ ಬೇಕಾಗುತ್ತಿತ್ತು. ಒಂದೇ ಟ್ರಾನ್ಸಿಸ್ಟರ್, ಜೊತೆಗೊಂದು ಕೆಪಾಸಿಟರ್ ಇದ್ದರೆ ಸಾಕು ಎಂದರು ಡೆನಾರ್ಡ್. ಕೆಪಾಸಿಟರಿನಲ್ಲಿ ವಿದ್ಯುದಂಶ ತುಂಬಿದ್ದರೆ 1, ಖಾಲಿಯಿದ್ದರೆ 0. 1968ರಲ್ಲಿ ಪೇಟೆಂಟ್ ಸಿಕ್ಕಿತು. ತೊಂದರೆಯೆಂದರೆ ಆ ಕೆಪಾಸಿಟರು ಸೋರುವ ಬಿಂದಿಗೆ; ತುಂಬಿದ್ದು ಕ್ಷಣಾರ್ಧದಲ್ಲಿ ಜಿನುಗಿಹೋಗುತ್ತದೆ. ಆದ್ದರಿಂದ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳನ್ನೂ ಓದಿ, ಓದಿದ್ದನ್ನೇ ಮತ್ತೆ ತುಂಬಬೇಕು. 8 ಜಿಬಿಯ ಪಟ್ಟಿಯಲ್ಲಿ ಇಂಥ ಕೋಶಗಳು ಸುಮಾರು 6,870 ಕೋಟಿ. ನೀವು ಸುಮ್ಮನೆ ಪರದೆ ನೋಡುತ್ತ ಕೂತಿರುವಾಗಲೂ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಸಲ ಇವೆಲ್ಲ ಮರುಪೂರಣಗೊಳ್ಳುತ್ತಿರುತ್ತವೆ. ಚಿಪ್ಪಿನ ಬಿಸಿ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಿಕೆ ಜಾಸ್ತಿಯಾಗಿ 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕಾಗುತ್ತದೆ. ಇಕ್ಕಟ್ಟಿನ ಡಬ್ಬಿಯಲ್ಲಿ ಗಾಳಿಯಾಡುವಂತೆ ನೋಡಿಕೊಳ್ಳಬೇಕೆನ್ನಲು ಇದೂ ಒಂದು ಕಾರಣ.

ಲ್ಯಾಪ್‌ಟಾಪಿನ ರ್‍ಯಾಮಿಗೂ ಡೆಸ್ಕ್‌ಟಾಪಿನ ರ್‍ಯಾಮಿಗೂ ಈ ಚಿಪ್ಪುಗಳಲ್ಲಿ ಭೇದವಿಲ್ಲ. ಭೇದ ಇರುವುದು ಪಟ್ಟಿಯ ಅಳತೆಯಲ್ಲಿ. ಡೆಸ್ಕ್‌ಟಾಪಿನ ಡಿಡಿಆರ್4 ಪೀಳಿಗೆಯ ಪಟ್ಟಿ 133 ಮಿಲಿಮೀಟರ್ ಉದ್ದ, 288 ಪಿನ್ನು. ಲ್ಯಾಪ್‌ಟಾಪಿನದು ಸೋಡಿಮ್, ಉದ್ದ ಸುಮಾರು 70 ಮಿಲಿಮೀಟರ್, 260 ಪಿನ್ನು. ಅದಕ್ಕೂ ಹಿಂದಿನ ಡಿಡಿಆರ್3ರಲ್ಲಿ ಡೆಸ್ಕ್‌ಟಾಪಿಗೆ 240, ಸೋಡಿಮ್‌ಗೆ 204. ಪಟ್ಟಿಯ ಅಂಚಿನಲ್ಲಿರುವ ಸಣ್ಣ ಕಚ್ಚು ಪ್ರತಿ ಪೀಳಿಗೆಯಲ್ಲೂ ಜಾಗ ಬದಲಿಸಿದೆ. ಒಂದು ಪೀಳಿಗೆಯದು ಇನ್ನೊಂದರ ಸ್ಲಾಟಿನೊಳಗೆ ಇಳಿಯಲೇಬಾರದು ಎಂದೇ ಹಾಗೆ ಮಾಡಿದ್ದಾರೆ. ಇಳಿಯಲಿಲ್ಲವೆಂದು ಒತ್ತಿ ಸೇರಿಸುವವರೂ ಇದ್ದಾರೆ, ಅವರಿಗೆ ಯಾವ ಪುಸ್ತಕವೂ ಸಹಾಯಕ್ಕೆ ಬರುವುದಿಲ್ಲ.

ಹಾಗಾದರೆ ಸೋಡಿಮ್ ಪಟ್ಟಿಯನ್ನು ದೊಡ್ಡ ಸ್ಲಾಟಿಗೆ ಹೊಂದಿಸಿಕೊಡುವ ಪರಿವರ್ತಕ ಸಿಗುವುದಿಲ್ಲವೇ? ಸಿಗುತ್ತದೆ, ಅಗ್ಗವೂ ಹೌದು. ಆದರೂ ನಾನು ಬೇಡ ಎನ್ನುತ್ತೇನೆ. ಲೆಕ್ಕ ಹಾಕಿ ನೋಡಿ. ಡಿಡಿಆರ್4-2400 ಅಂದರೆ ಒಂದೊಂದು ತಂತಿಯ ಮೇಲೂ ಸೆಕೆಂಡಿಗೆ 240 ಕೋಟಿ ಬಿಟ್‌ಗಳು ಹಾಯುತ್ತವೆ. ಒಂದು ಬಿಟ್‌ಗೆ ಸಿಗುವ ಸಮಯ 0.42 ನ್ಯಾನೋಸೆಕೆಂಡ್. ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಅರ್ಧದಷ್ಟು, ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್. ಅಂದರೆ ಒಂದು ಬಿಟ್ ಮುಗಿದು ಇನ್ನೊಂದು ಹೊರಡುವಷ್ಟರಲ್ಲಿ ಮೊದಲನೆಯದು ಆರು ಸೆಂಟಿಮೀಟರ್ ಸಾಗಿರುತ್ತದೆ, ಅಷ್ಟೆ! ಈ ಲೆಕ್ಕದೊಳಗೆ ಪ್ರತಿ ಗೆರೆಯ ಉದ್ದವನ್ನೂ ಮಿಲಿಮೀಟರ್ ಮಟ್ಟದಲ್ಲಿ ಸರಿದೂಗಿಸಿ ಬೋರ್ಡನ್ನು ವಿನ್ಯಾಸ ಮಾಡಿರುತ್ತಾರೆ. ನೇರವಾಗಿ ಹೋಗಬಹುದಾದ ಗೆರೆಗಳು ಬೋರ್ಡಿನ ಮೇಲೆ ಹಾವಿನಂತೆ ಸುತ್ತುವುದು ಇದಕ್ಕೇ. ನಡುವೆ ನಾಲ್ಕು ಸೆಂಟಿಮೀಟರಿನ ಪರಿವರ್ತಕ, ಇನ್ನೊಂದು ಜೊತೆ ಕನೆಕ್ಟರ್ ತೂರಿಸಿದರೆ ಸಂಕೇತ ತಡವಾಗುತ್ತದೆ, ಪ್ರತಿ ಕೀಲಿನಲ್ಲೂ ಅಷ್ಟಿಷ್ಟು ಪ್ರತಿಫಲನಗೊಂಡು ಹಿಂದಕ್ಕೆ ಬರುತ್ತದೆ. ಕಂಪ್ಯೂಟರ್ ಶುರುವಾಗಬಹುದು. ಮೂರು ದಿನ ನಡೆದು ನಾಲ್ಕನೆಯ ದಿನ ಎಕ್ಸೆಲ್ ಕಡತದ ನಡುವೆ ನೀಲಿ ಪರದೆ ತೋರಿಸಲೂಬಹುದು. ದುಡ್ಡು ಉಳಿಸಲು ಹೋಗಿ ಕಡತ ಕಳೆದುಕೊಳ್ಳುವ ವ್ಯವಹಾರ ಇದು.

ಪಟ್ಟಿಯ ಮೇಲಿನ ಸ್ಟಿಕರ್ ಓದಲು ಬಂದರೆ ಅರ್ಧ ಕೆಲಸ ಮುಗಿಯಿತು. 'ಪಿಸಿ4-2400' ಎಂದಿದ್ದರೆ ಡಿಡಿಆರ್4, ವೇಗ 2400. 'ಪಿಸಿ3ಎಲ್-12800' ಎಂದಿದ್ದರೆ 1.35 ವೋಲ್ಟಿನಲ್ಲಿ ಓಡುವ ಡಿಡಿಆರ್3ಎಲ್. 'ಎಲ್' ಇಲ್ಲದ 'ಪಿಸಿ3'ಗೆ 1.5 ವೋಲ್ಟ್ ಬೇಕು. 1.35 ವೋಲ್ಟಿನ ಪಟ್ಟಿಯನ್ನು 1.5 ವೋಲ್ಟಿನ ಬೋರ್ಡು ಒಪ್ಪುತ್ತದೆ; ಇದರ ಉಲ್ಟಾ ನಡೆಯುವುದಿಲ್ಲ. ಕಡಿಮೆ ವೋಲ್ಟಿನ ಬೋರ್ಡಿಗೆ ಹಳೆಯ ಪಟ್ಟಿ ಹಾಕಿದರೆ ಪರದೆ ಕಪ್ಪಗೇ ಇರುತ್ತದೆ, ಜನ ಬೋರ್ಡೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಪಟ್ಟಿಗೆ ತಕ್ಕ ಪೆಟ್ಟಿಗೆ

ಪರಿವರ್ತಕ ಬೇಡವೆಂದರೆ ಸೋಡಿಮ್ ಪಟ್ಟಿಯನ್ನು ನೇರವಾಗಿ ಒಪ್ಪುವ ಡೆಸ್ಕ್‌ಟಾಪ್ ಬೋರ್ಡ್ ಹುಡುಕಬೇಕು. ಅಂಥವು ಇವೆ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಮಿನಿ-ಐಟಿಎಕ್ಸ್ ಅಳತೆ, ಅಂದರೆ 170 ಮಿಲಿಮೀಟರಿನ ಚೌಕ. ಇದರದೇ ತೆಳುವಾದ ರೂಪವೊಂದು ಸೋಡಿಮ್ ಪಟ್ಟಿ ತೆಗೆದುಕೊಂಡು ಲ್ಯಾಪ್‌ಟಾಪ್ ಚಾರ್ಜರಿನಿಂದಲೇ ನಡೆಯುತ್ತದೆ. ಆಸ್‌ರಾಕ್ ಕಂಪನಿಯ ಡೆಸ್ಕ್‌ಮಿನಿ ಇನ್ನೂ ಚಿಕ್ಕದು. 2019ರ ಎ300 ಮಾದರಿಯಲ್ಲಿ ಎಎಂಡಿಯ 65 ವ್ಯಾಟಿನ ಡೆಸ್ಕ್‌ಟಾಪ್ ಪ್ರೊಸೆಸರ್ ಕೂರುತ್ತದೆ, ಎರಡು ಸೋಡಿಮ್ ಸ್ಲಾಟು, ಎರಡು ಲ್ಯಾಪ್‌ಟಾಪ್ ಡಿಸ್ಕಿಗೆ ಜಾಗ, ಎಸ್‌ಎಸ್‌ಡಿಗೆ ಬೇರೆ ಸ್ಲಾಟು. ಲ್ಯಾಪ್‌ಟಾಪ್ ಬಿಚ್ಚಿದವರಿಗೆಂದೇ ಮಾಡಿದಂತಿದೆ. ಆದರೆ ಹೊಸ ಪ್ರೊಸೆಸರ್ ಸೇರಿಸಿದರೆ ಬಜೆಟ್ಟಿನ ಮಾತು ಹಿಂದೆ ಬೀಳುತ್ತದೆ.

ನನ್ನ ಮಟ್ಟಿಗೆ ಒಳ್ಳೆಯ ದಾರಿ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ರಾಶಿಗಟ್ಟಲೆ ಸಿಗುವ, ಆಫೀಸುಗಳಿಂದ ಹೊರಬಿದ್ದ ಪುಟ್ಟ ಪೆಟ್ಟಿಗೆಗಳು. ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿಯ ಎಲೈಟ್‌ಡೆಸ್ಕ್ ಮಿನಿ, ಲೆನೊವೊದ ಥಿಂಕ್‌ಸೆಂಟರ್ ಟೈನಿ. ಮೂರೂ ಸುಮಾರು ಒಂದು ಲೀಟರ್ ಗಾತ್ರದವು. ಮಾನಿಟರಿನ ಬೆನ್ನಿಗೆ ಅಂಟಿಸಿಡಬಹುದು. ಹೆಸರಿಗೆ ಡೆಸ್ಕ್‌ಟಾಪ್, ಒಳಗೆಲ್ಲ ಲ್ಯಾಪ್‌ಟಾಪಿನದೇ ಸಾಮಾನು: ಸೋಡಿಮ್ ರ್‍ಯಾಮ್, ಎರಡೂವರೆ ಇಂಚಿನ ಡಿಸ್ಕು, ಲ್ಯಾಪ್‌ಟಾಪಿನ ವೈ-ಫೈ ಕಾರ್ಡು, ಲ್ಯಾಪ್‌ಟಾಪಿನ ಚಾರ್ಜರು. ಪ್ರೊಸೆಸರ್ ಮಾತ್ರ ಡೆಸ್ಕ್‌ಟಾಪ್ ಸಾಕೆಟಿನದು, ಹೆಚ್ಚಾಗಿ 35 ವ್ಯಾಟಿನದು. ಇವನ್ನು ಅಂಗಡಿಯವರು ರ್‍ಯಾಮೂ ಡಿಸ್ಕೂ ಇಲ್ಲದೆ ಬರೀ ಪೆಟ್ಟಿಗೆಯಾಗಿಯೂ ಮಾರುತ್ತಾರೆ. ಖರ್ಚು ಉಳಿಯುವುದು ಅಲ್ಲೇ. ಬೆಲೆಯನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅಂಗಡಿಗೊಂದು, ವಾರಕ್ಕೊಂದು. ಅಚ್ಚಾಗಿ ನಿಮ್ಮ ಕೈಸೇರುವಷ್ಟರಲ್ಲಿ ನಗೆಪಾಟಲಾಗುತ್ತದೆ.

ಈ ಪೆಟ್ಟಿಗೆಗಳು ಇಷ್ಟೊಂದು ಸಂಖ್ಯೆಯಲ್ಲಿ ಹೊರಬರಲು ಒಂದು ದಿನಾಂಕವೂ ಕಾರಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಈಚಿನವನ್ನು. ಅದಕ್ಕೂ ಹಿಂದಿನವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಆರು, ಏಳನೆಯ ಪೀಳಿಗೆಯ ಪೆಟ್ಟಿಗೆಗಳು ಅಗ್ಗ. ಲಿನಕ್ಸ್ ಹಾಕಿಕೊಳ್ಳುವವರಿಗೆ ಇವು ಬೇಕಾದಷ್ಟಾಯಿತು. ವಿಂಡೋಸೇ ಬೇಕೆನ್ನುವವರು ಎಂಟಕ್ಕಿಂತ ಕೆಳಗಿಳಿಯಬಾರದು. ಅಂಗಡಿಯಲ್ಲೇ ಪೆಟ್ಟಿಗೆ ಆನ್ ಮಾಡಿಸಿ, ಬಯಾಸ್ ಪುಟ ತೆರೆಸಿ ನೋಡಿ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಅದು ಯಾವುದೋ ಕಂಪನಿಯ ಐಟಿ ವಿಭಾಗ ಹಾಕಿದ ಬೀಗ. 'ಅದೇನಾಗಲ್ಲ, ತೆಗೀಬಹುದು' ಎಂಬ ಭರವಸೆಗೆ ಮರುಳಾಗದೆ ಅದನ್ನು ಅಲ್ಲೇ ಬಿಟ್ಟು ಪಕ್ಕದ್ದನ್ನು ಕೇಳಿ.

ಲ್ಯಾಪ್‌ಟಾಪಿನ ಪ್ರೊಸೆಸರನ್ನೇ ಕಿತ್ತು ಹಾಕಿದರಾಗದೇ ಎಂದು ಕೇಳುವವರಿಗೆ ಚುಟುಕಾದ ಉತ್ತರ: ಆಗದು. ಸಾಕೆಟಿಗೆ ಸಿಕ್ಕಿಸುವ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳನ್ನು ಇಂಟೆಲ್ ನಾಲ್ಕನೆಯ ಪೀಳಿಗೆಗೇ ನಿಲ್ಲಿಸಿತು. ಆಮೇಲೆ ಬಂದವು ತಳದಲ್ಲಿರುವ ಸೀಸರಹಿತ ಬೆಸುಗೆಯ ಪುಟ್ಟ ಗುಂಡುಗಳಿಂದ ಬೋರ್ಡಿಗೇ ಅಂಟಿಕೊಂಡಿವೆ. ಸಾಕೆಟಿನ ಕಾಲದವೂ ಡೆಸ್ಕ್‌ಟಾಪಿನ ಸಾಕೆಟಿಗೆ ಹೊಂದುತ್ತಿರಲಿಲ್ಲ.

ಡಿಸ್ಕು, ಮತ್ತು ಅದರ ಬೀಗ

ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕು, ದೊಡ್ಡ ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕು ಎರಡರ ಹಿಂದೆಯೂ ಒಂದೇ ಸಾಟಾ ಕನೆಕ್ಟರು: ಮಾಹಿತಿಗೆ 7 ಪಿನ್ನು, ವಿದ್ಯುತ್ತಿಗೆ 15. ದೊಡ್ಡದರ ಮೋಟರಿಗೆ 12 ವೋಲ್ಟ್ ಬೇಕು, ಚಿಕ್ಕದು 5 ವೋಲ್ಟಿನಲ್ಲೇ ತಿರುಗುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ಡಿಸ್ಕನ್ನು ಎಲ್ಲಿ ಬೇಕಾದರೂ ಜೋಡಿಸಬಹುದು, ಯುಎಸ್‌ಬಿ ಕೇಸಿನೊಳಗೂ ಹಾಕಿಟ್ಟುಕೊಳ್ಳಬಹುದು. ಆದರೆ ಅದರಿಂದ ವಿಂಡೋಸ್ ಓಡಿಸುವ ಆಸೆ ಬಿಡಿ. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 5.5 ಮಿಲಿಸೆಕೆಂಡಿಗೂ ಹೆಚ್ಚು. ಮುಳ್ಳು ಆಚೀಚೆ ಸರಿಯಲು ಇನ್ನೂ ಅದರ ಎರಡರಷ್ಟು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಹುಡುಕಾಟ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮುಗಿಯುತ್ತದೆ. ಹಳೆಯ ಕಂಪ್ಯೂಟರ್ 'ಸ್ಲೋ ಆಗಿದೆ' ಎಂಬ ದೂರಿನ ಮೂಲ ಬಹುತೇಕ ಸಲ ಈ ಅರ್ಧ ಸುತ್ತಿನಲ್ಲೇ ಇರುತ್ತದೆ.

ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಎರಡು ಸಾಲು ನೋಡಿದರೆ ಸಾಕು: ಕೆಟ್ಟ ಜಾಗ ಬಿಟ್ಟು ಬೇರೆಡೆಗೆ ಸಾಗಿಸಿದ ಸೆಕ್ಟರ್‌ಗಳ ಲೆಕ್ಕ, ಸಾಗಿಸಲು ಕಾದಿರುವ ಸೆಕ್ಟರ್‌ಗಳ ಲೆಕ್ಕ. ಎರಡೂ ಸೊನ್ನೆಯಿದ್ದರೆ ಇಟ್ಟುಕೊಳ್ಳಿ. ಎರಡನೆಯದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದರಲ್ಲಿ ಸಿನಿಮಾ ಕೂಡ ಇಡಬೇಡಿ.

ಎಂ.2 ಎಸ್‌ಎಸ್‌ಡಿ 22 ಮಿಲಿಮೀಟರ್ ಅಗಲ, ಹೆಚ್ಚಾಗಿ 80 ಉದ್ದ. ನೋಡಲು ಒಂದೇ ಥರ ಕಂಡರೂ ಒಳಗೆ ಎರಡು ಜಾತಿ. ಹಳೆಯದು ಸಾಟಾ ಭಾಷೆಯದು, ಸೆಕೆಂಡಿಗೆ 550 ಮೆಗಾಬೈಟಿನ ಆಸುಪಾಸಿಗೆ ನಿಲ್ಲುತ್ತದೆ. ಎನ್‌ವಿಎಂಇ ಜಾತಿಯದು ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ದಾರಿಗಳಲ್ಲಿ 3,500ರವರೆಗೂ ಹೋಗುತ್ತದೆ. ಸಾಮಾನ್ಯವಾಗಿ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಕೆಲವು ಪೆಟ್ಟಿಗೆಗಳ ಸ್ಲಾಟು ಎನ್‌ವಿಎಂಇಯನ್ನಷ್ಟೇ ಗುರುತಿಸುತ್ತದೆ. ಸಾಟಾ ಪಟ್ಟಿ ಅಲ್ಲಿ ನೀಟಾಗಿ ಕೂತರೂ ಇಲ್ಲವೆಂದೇ ಲೆಕ್ಕ. ಪೆಟ್ಟಿಗೆ ಕೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಿ.

ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಮಾಹಿತಿ ಮಾಲೀಕರಿಗೆ ಗೊತ್ತಿಲ್ಲದೆಯೇ ಬಿಟ್‌ಲಾಕರ್‌ನಿಂದ ಗೂಢಲಿಪಿಗೆ ಬದಲಾಗಿರುತ್ತದೆ. ಅದನ್ನು ಬಿಡಿಸುವ ಕೀಲಿ ಇರುವುದು ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿ. ಬೋರ್ಡು ಸತ್ತರೆ ಕೀಲಿಯೂ ಹೋಯಿತು. ಎಸ್‌ಎಸ್‌ಡಿಯನ್ನು ಹೊಸ ಪೆಟ್ಟಿಗೆಗೆ ಹಾಕಿದಾಗ ನೀಲಿ ಪರದೆಯ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುವುದು ಆಗಲೇ. ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದವರಿಗೆ ಆ 48 ಅಂಕಿಗಳು ಆ ಖಾತೆಯಲ್ಲೇ ಸಾಮಾನ್ಯವಾಗಿ ಜಮೆಯಾಗಿರುತ್ತವೆ. ಫೋನಿನಿಂದಲೇ ತೆರೆದು ನೋಡಬಹುದು. ಅಲ್ಲಿಯೂ ಇಲ್ಲದಿದ್ದರೆ ಎಸ್‌ಎಸ್‌ಡಿಯನ್ನು ಅಳಿಸಿ ಮರುಬಳಸಬಹುದು, ಮಗಳ ಮದುವೆಯ ಫೋಟೋ ಮಾತ್ರ ಬರುವುದಿಲ್ಲ. ಅಳಿಸುವ ಮೊದಲು ಮನೆಯವರನ್ನೆಲ್ಲ ಒಂದು ಮಾತು ಕೇಳಿ.

ಮೂರನೆಯ ತಂತಿ

ಚಾರ್ಜರಿನ ಬೆನ್ನ ಮೇಲೆ ಸಣ್ಣಕ್ಷರಗಳಲ್ಲಿ 19.5 ವೋಲ್ಟ್, 3.34 ಆಂಪಿಯರ್ ಎಂದಿರುತ್ತದೆ. ಎರಡನ್ನೂ ಗುಣಿಸಿದರೆ 65 ವ್ಯಾಟ್. ವೋಲ್ಟ್ ಹೊಂದಬೇಕು, ಆಂಪಿಯರ್ ಬೇಕಾದದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಡೆಲ್ ಮತ್ತು ಎಚ್‌ಪಿ ಪಿನ್ನುಗಳ ನಡುವಿನ ಸೂಜಿ. ಡೆಲ್ ಚಾರ್ಜರಿನೊಳಗೆ ಒಂದು ಪುಟ್ಟ ಗುರುತಿನ ಚಿಪ್ಪು ಇದ್ದು, ಆ ಸೂಜಿಯ ಮೂಲಕ 'ನಾನು ಇಷ್ಟು ವ್ಯಾಟಿನವನು' ಎಂದು ಯಂತ್ರಕ್ಕೆ ಹೇಳುತ್ತದೆ. ಸೂಜಿ ಬಾಗಿದ್ದರೆ ಅಥವಾ ಒಳಗಿನ ಎಳೆತಂತಿ ತುಂಡಾಗಿದ್ದರೆ ವಿದ್ಯುತ್ತು ಹರಿಯುತ್ತದೆ, ಗುರುತು ಸಿಗುವುದಿಲ್ಲ. ಯಂತ್ರ ಅನುಮಾನಪಟ್ಟು ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಡೆಲ್ ಲ್ಯಾಪ್‌ಟಾಪ್ ಇದ್ದವರು ಡೆಲ್ ಪೆಟ್ಟಿಗೆಯನ್ನೇ, ಎಚ್‌ಪಿಯವರು ಎಚ್‌ಪಿಯನ್ನೇ ಆರಿಸಿದರೆ ಚಾರ್ಜರಿನ ಖರ್ಚು ಉಳಿಯುತ್ತದೆ. ಪಿನ್ನಿನ ದಪ್ಪ ಮಾತ್ರ ಒಂದೇ ಇದೆಯೇ ನೋಡಿಕೊಳ್ಳಿ. ಒಪ್ಪಂದವಿಲ್ಲದ ಕಡೆ ಹೀಗೆ ಕಂಪನಿನಿಷ್ಠೆ ತೋರಿಸಬೇಕಾಗುತ್ತದೆ. ಈಚಿನ ಯುಎಸ್‌ಬಿ-ಸಿ ಚಾರ್ಜರುಗಳಲ್ಲಿ ಈ ಮಾತುಕತೆಗೂ ಎಲ್ಲ ಕಂಪನಿಗಳು ಒಪ್ಪಿದ ವ್ಯಾಕರಣ ಬಂದಿದೆ.

65 ವ್ಯಾಟ್ ಸಾಲುತ್ತದೆಯೇ ಎಂಬ ಅನುಮಾನ ಸಹಜ, ದೊಡ್ಡ ಕ್ಯಾಬಿನೆಟ್ಟುಗಳಲ್ಲಿ ವಿದ್ಯುತ್ ಪೂರೈಸುವ 450 ವ್ಯಾಟಿನ ಎಸ್‌ಎಂಪಿಎಸ್ ನೋಡಿ ಬಂದವರಿಗೆ. ಚಿಪ್ಪೊಂದು ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಅದರ ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. 1.2 ವೋಲ್ಟನ್ನು 0.9ಕ್ಕೆ ಇಳಿಸಿದರೆ, ವೇಗ ಅಷ್ಟೇ ಇದ್ದರೂ ಖರ್ಚು ಶೇಕಡ 44ರಷ್ಟು ಕಡಿಮೆ. ವೇಗದ ಕೊನೆಯ ಮೆಟ್ಟಿಲುಗಳನ್ನು ಹತ್ತಲು ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ ಅಲ್ಲಿ ವಿದ್ಯುತ್ತು ಯದ್ವಾತದ್ವಾ ಸುರಿಯುತ್ತದೆ. 35 ವ್ಯಾಟಿನ ಪ್ರೊಸೆಸರುಗಳು ಆ ಕೊನೆಯ ಮೆಟ್ಟಿಲುಗಳ ಗೊಡವೆಗೇ ಹೋಗುವುದಿಲ್ಲ. ಬರೆಯುವ, ಬ್ರೌಸರ್ ತೆರೆಯುವ, ಆನ್‌ಲೈನ್ ತರಗತಿಯ ಕೆಲಸಕ್ಕೆ ಆ ಮೆಟ್ಟಿಲುಗಳು ಬೇಕಾಗುವುದೂ ಇಲ್ಲ. ದಿನಕ್ಕೆ 8 ಗಂಟೆ ಓಡುವ ಕಂಪ್ಯೂಟರ್ 30 ವ್ಯಾಟ್ ಕಡಿಮೆ ತಿಂದರೆ ವರ್ಷಕ್ಕೆ 87 ಯೂನಿಟ್‌ನಷ್ಟು ಉಳಿತಾಯ.

ಆಟದ ಗ್ರಾಫಿಕ್ಸ್ ಕಾರ್ಡು ಬೇಕೆನ್ನುವ ಮಕ್ಕಳಿಗೆ ಈ ಪೆಟ್ಟಿಗೆ ಆಗದು. ಇರುವ ಗ್ರಾಫಿಕ್ಸಿಗೇ ಜೀವ ತುಂಬಲು ಒಂದು ದಾರಿ ಉಂಟು: ಎರಡನೆಯ ರ್‍ಯಾಮ್ ಪಟ್ಟಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇರುವುದಿಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದು ಡಿಡಿಆರ್4-2400 ಪಟ್ಟಿ ಸೆಕೆಂಡಿಗೆ 19.2 ಗಿಗಾಬೈಟ್ ಸಾಗಿಸಿದರೆ ಎರಡು ಪಟ್ಟಿ 38.4. ಎರಡನೆಯದು 4 ಜಿಬಿಯದಾದರೂ ಸರಿ. ಸರಿಸಮವಾಗುವಷ್ಟು ಭಾಗ ಜೋಡಿಯಾಗಿ ಓಡುತ್ತದೆ, ಮಿಕ್ಕಿದ್ದು ಒಂಟಿಯಾಗಿ.

ಬಿಟ್ಟುಬಿಡಬೇಕಾದ್ದು

ಪರದೆಯ ಮೇಲೆ ಎಲ್ಲರಿಗೂ ಕಣ್ಣು. ಅದರ ಬೆನ್ನಿಗಿರುವ ಮಾದರಿ ಸಂಖ್ಯೆ ಕೊಟ್ಟರೆ ಅದಕ್ಕೆ ತಕ್ಕ ಕಂಟ್ರೋಲರ್ ಬೋರ್ಡು ಆನ್‌ಲೈನಿನಲ್ಲಿ ಸಿಗುತ್ತದೆ. ಎಚ್‌ಡಿಎಂಐ ಸಂಕೇತವನ್ನು ಪರದೆಗೆ ಅರ್ಥವಾಗುವ ರೂಪಕ್ಕೆ ತಿರುಗಿಸುವುದು ಅದರ ಕೆಲಸ. ಪರದೆಯ ಜೋಡಣೆ 30 ಪಿನ್ನಿನ ಇಡಿಪಿಯೋ, 40 ಪಿನ್ನಿನ ಹಳೆಯ ಎಲ್‌ವಿಡಿಎಸ್ಸೋ ನೋಡಿಕೊಳ್ಳಬೇಕು. ಕೆಲಸ ಮಾಡುತ್ತದೆ, ಮಾಡಿದ ಖುಷಿಯೂ ಇದೆ. ಆದರೆ 1366×768 ಚುಕ್ಕೆಗಳ ಮಸುಕು ಪರದೆಗೆ ಬೋರ್ಡು, ಚೌಕಟ್ಟು, ಸ್ಟ್ಯಾಂಡು ಎಂದು ಖರ್ಚು ಮಾಡುವ ಹೊತ್ತಿಗೆ ಅದೇ ಆಫೀಸು ರಾಶಿಯಿಂದ ಬಂದ ಸೆಕೆಂಡ್‌ಹ್ಯಾಂಡ್ ಮಾನಿಟರಿನ ದಾರಿ ಹಿಡಿಯುವುದು ಮೇಲು. 2010ಕ್ಕೂ ಹಿಂದಿನ ಲ್ಯಾಪ್‌ಟಾಪಾದರೆ ಪರದೆಯ ಗೊಡವೆಯೇ ಬೇಡ. ಆಗಿನ ಹಲವು ಪರದೆಗಳ ಹಿಂದೆ ಪಾದರಸವಿರುವ ಸಣ್ಣ ಟ್ಯೂಬಿದ್ದು, ಅದನ್ನು ಬೆಳಗಲು ನೂರಾರು ವೋಲ್ಟ್ ಕೊಡುವ ಇನ್ವರ್ಟರ್ ಪಟ್ಟಿ ಇರುತ್ತದೆ.

ಕ್ಯಾಮೆರಾ ಒಂದು ಕುತೂಹಲದ ವಸ್ತು. ಅದು ಬಹುಪಾಲು ಸಲ ಒಳಗಿನಿಂದ ಯುಎಸ್‌ಬಿಯೇ; ನಾಲ್ಕು ತಂತಿ ಸರಿಯಾಗಿ ಬೆಸೆದರೆ ವೆಬ್‌ಕ್ಯಾಮ್ ಆಗುತ್ತದೆ, ಆದರೆ ಕೆಲವಕ್ಕೆ 5ರ ಬದಲು 3.3 ವೋಲ್ಟ್ ಬೇಕು. ವೈ-ಫೈ ಕಾರ್ಡನ್ನು ನೇರವಾಗಿ ಸಿಕ್ಕಿಸಬಹುದು. ಅದರ ಮೇಲೆ ಇಂಟೆಲ್ ಎಎಕ್ಸ್200 ಎಂದಿದ್ದರೆ ಎಲ್ಲೆಡೆ ನಡೆಯುತ್ತದೆ. ಎಎಕ್ಸ್201 ಅಥವಾ 9560 ಎಂದಿದ್ದರೆ ಅದು ಅರ್ಧ ಕಾರ್ಡು ಮಾತ್ರ. ಉಳಿದರ್ಧ ಇಂಟೆಲ್‌ನ ಕೆಲವು ಚಿಪ್‌ಸೆಟ್‌ಗಳ ಹೊಟ್ಟೆಯಲ್ಲಿದೆ. ಎಎಂಡಿ ಪೆಟ್ಟಿಗೆಯಲ್ಲಿ ಅದರಿಂದ ಪ್ರಯೋಜನವಿಲ್ಲ.

ಬ್ಯಾಟರಿಯನ್ನು ಮುಟ್ಟಬೇಡಿ. ಹಳೆಯ ದಪ್ಪ ಬ್ಯಾಟರಿಗಳೊಳಗೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್‌ಗಳಿರುತ್ತವೆ. ಅವನ್ನು ಬಿಡಿಸಿ ಪವರ್‌ಬ್ಯಾಂಕ್ ಮಾಡುವ ವಿಡಿಯೋಗಳಿಗೆ ಬರವಿಲ್ಲ. ಸವೆದ ಸೆಲ್ಲಿನ ಒಳಪದರಕ್ಕೆ ಸ್ಕ್ರೂಡ್ರೈವರ್ ತಗುಲಿ ಎರಡು ಧ್ರುವಗಳೂ ಮುಟ್ಟಿದರೆ ಹುಟ್ಟುವ ಶಾಖವೇ ಇನ್ನಷ್ಟು ಶಾಖಕ್ಕೆ ದಾರಿ ಮಾಡಿ, ಪಕ್ಕದ ಸೆಲ್ಲಿಗೂ ಹಬ್ಬುತ್ತದೆ. ಬಾತುಕೊಂಡ ಬ್ಯಾಟರಿಯಂತೂ ಮನೆಯೊಳಗೇ ಇರಬಾರದು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿಯ ಸಂಗ್ರಹಣೆ ತಯಾರಕರ ಹೊಣೆ. ಬೋರ್ಡು, ಕೀಬೋರ್ಡು, ಪ್ಲಾಸ್ಟಿಕ್ಕನ್ನು ಅಧಿಕೃತ ಇ-ತ್ಯಾಜ್ಯದವರಿಗೆ ಕೊಡಿ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ದಾಖಲೆಗೆ ಸಿಗುವಂತೆ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರಲ್ಲಿ ಶೇಕಡ 22.3. ಲ್ಯಾಪ್‌ಟಾಪೊಂದರ ಆಯುಷ್ಯದ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು ಅದನ್ನು ಬಳಸುವಾಗಿನದಲ್ಲ, ತಯಾರಿಸುವಾಗಿನದು. ಹಾಗಾಗಿ ಹಳೆಯ ರ್‍ಯಾಮ್ ಪಟ್ಟಿ ಇನ್ನೂ ಐದು ವರ್ಷ ಓಡಿದರೆ ಅದು ಬರೀ ಜೇಬಿನ ಉಳಿತಾಯವಲ್ಲ.

ಎಲ್ಲ ಜೋಡಿಸಿ ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನು ತಿರುಗಿ ಪರದೆ ಕಪ್ಪಗೇ ಉಳಿದರೆ ಕೂಡಲೇ ಬಿಚ್ಚಲು ಕೂರಬೇಡಿ. ಹೊಸ ರ್‍ಯಾಮ್ ಕಂಡ ಬೋರ್ಡು ಆ ಆರು ಸೆಂಟಿಮೀಟರಿನ ಲೆಕ್ಕವನ್ನು ಪ್ರತಿ ತಂತಿಗೂ ಹೊಸದಾಗಿ ಹಾಕುತ್ತಿರುತ್ತದೆ. ಯಾವ ಗೆರೆಯ ಬಿಟ್ ಯಾವ ಕ್ಷಣದಲ್ಲಿ ಬರುತ್ತದೆಂದು ಅಳೆದು ಹೊಂದಿಸಿಕೊಳ್ಳಲು ಒಂದೆರಡು ನಿಮಿಷ ತೆಗೆದುಕೊಳ್ಳಬಹುದು. ಆಮೇಲೂ ಏನೂ ಬಾರದಿದ್ದರೆ ಪಟ್ಟಿಯನ್ನು ತೆಗೆದು, ಚಿನ್ನದ ಬಣ್ಣದ ಪಿನ್ನುಗಳನ್ನು ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಕೊಡವಿ, ಎರಡು ಬದಿಯ ಕೊಂಡಿಗಳು ಟಕ್ಕೆನ್ನುವವರೆಗೆ ಮತ್ತೆ ಕೂರಿಸಿ. ಪರದೆ ಬಂದ ಮೇಲೆ ವಿಂಡೋಸ್ ಹಾಕುವ ಆತುರ ಬೇಡ. ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ತುಂಬಿ, ರಾತ್ರಿ ಮಲಗುವ ಮುಂಚೆ ಚಾಲೂ ಮಾಡಿ. ಅದು ಆ ಸಾವಿರಾರು ಕೋಟಿ ಕೋಶಗಳಲ್ಲಿ ಒಂದು ನಮೂನೆ ತುಂಬಿ, ಓದಿ, ಇನ್ನೊಂದು ನಮೂನೆ ತುಂಬುತ್ತ ಹೋಗುತ್ತದೆ. ಬೆಳಿಗ್ಗೆ ದೋಷಗಳ ಕಾಲಮ್ಮಿನಲ್ಲಿ ಸೊನ್ನೆ ಇದ್ದರೆ ಮುಚ್ಚಳದ ಸ್ಕ್ರೂ ಹಾಕಬಹುದು. ಒಂದೇ ಒಂದು ದೋಷ ಕಂಡರೂ ಆ ಪಟ್ಟಿ ಬೇಡ.